ಅವಳ ಹೆಸರು ಹಿಡಿದು ಕರೆಯುತ್ತಿದ್ದ ಫೋನು

ನನ್ನ ಮೊಮ್ಮಗಳು ಯಾದಗಿರಿಯ ದವಾಖಾನೆಯ ಕಂಪ್ಯೂಟರಿನೊಳಗೆ ಯಾರ ಕೈಗೂ ಸಿಗದೆ ಕೂತಿದ್ದ ತಪ್ಪೊಂದನ್ನು ಹುಡುಕಿ ತೆಗೆದಳು. ಈ ಮಾತನ್ನು ಶಹಾಪುರದಲ್ಲಿ ಎದುರಾದ ಯಾರಿಗೂ ಹೇಳದೆ ಬಿಟ್ಟಿಲ್ಲ. ಕಟಿಂಗ್ ಅಂಗಡಿಯವನಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಅವನು ಕತ್ತರಿ ನಿಲ್ಲಿಸಿ, "ಮುತ್ಯಾ, ಇದು ಹ್ವಾದ ಸಲಾನೂ ಹೇಳೀದಿ. ತಲಿ ಅಲ್ಲಾಡಸಬ್ಯಾಡ, ಕಿವಿ ಕೊಯ್ದೀತು" ಎಂದ. ಆದರೂ ಹೇಳಿ ಮುಗಿಯಿತು ಅನ್ನಿಸುವುದಿಲ್ಲ. ನಾನು ಎಲ್ಲರಿಗೂ ಹೇಳಿದ್ದು ಹಿಗ್ಗಿನ ಪಾಲು ಮಾತ್ರ. ಉಳಿದದ್ದು ಬಾಯಿಂದ ಹೇಳುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಆಮೇಲೆ ಬದುಕೆಲ್ಲ ಪರಸಿ ಕಲ್ಲು ಹಾಸಿದೆ. ಸುರಪುರ, ಕೆಂಭಾವಿ, ವಡಗೇರಾ, ಎಲ್ಲ ಕಡೆಯೂ ನಾನು ಹಾಸಿದ ನೆಲದ ಮೇಲೆ ಜನ ನಡೆದಾಡುತ್ತಿದ್ದಾರೆ. ಈಗ ಮೊಣಕಾಲು ಬಗ್ಗುವುದಿಲ್ಲ. ಮಗ, ಸೊಸೆ, ಮೊಮ್ಮಗಳು ಇರುವ ಮನೆಯಲ್ಲಿ ಕಿಟಕಿಯ ಪಕ್ಕದ ಜಾಗ ನನ್ನದು.

ನನ್ನ ಹೆಂಡತಿಯ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಯಾದಗಿರಿಯ ಆ ದವಾಖಾನೆಯಲ್ಲಿ ರಕ್ತ ತೊಳೆಯುವ ಮಷೀನುಗಳಿವೆ. ವಾರಕ್ಕೆ ಎರಡು ಸಲ ಅಲ್ಲಿ ಹೋಗಿ ಮಲಗಬೇಕಿತ್ತು. ಮುಂಜಾನೆಯ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೆವು. ಭೀಮೆಯ ಸೇತುವೆ ಬಂದಾಗ ಅವಳು ಕಿಟಕಿಯಿಂದಲೇ ಕೈ ಮುಗಿಯುವಳು. ಡಾಕ್ಟರು ಅವಳಿಗೆ ನೀರು ಕುಡಿಯುವುದಕ್ಕೆ ಅಳತೆ ಹಾಕಿದ್ದರು. "ನೋಡ್ರಿ, ಹೊಳಿ ತುಂಬ ನೀರು ಹೊಂಟದ, ನನಗ ಒಂದು ವಾಟಗ ಸಾಲದು ಅಂದ್ರ ಬೈತಾರ" ಅನ್ನುವಳು. ನಾನು ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಸುರಿದು ಕೊಡುತ್ತಿದ್ದೆ. ತುಟಿಗೆ ಹಚ್ಚಿಕೊಂಡು ಹೊತ್ತು ಹಿಡಿದು ಕುಡಿಯುವಳು.

ಆ ಮಷೀನುಗಳು ಆಗಾಗ ಕೆಡುತ್ತಿದ್ದವು. ಕೆಟ್ಟಾಗ ಪಾಳಿ ಹಿಂದೆ ಮುಂದೆ ಆಗುತ್ತಿತ್ತು. ಅದಕ್ಕಾಗಿ ಹಿಂದಿನ ದಿನದ ಸಂಜೆ ದವಾಖಾನೆಯ ಕಂಪ್ಯೂಟರೇ ಎಲ್ಲರಿಗೂ ಫೋನು ಮಾಡುವ ವ್ಯವಸ್ಥೆ ಇತ್ತು. ಒಂದು ಹೆಣ್ಣು ದನಿ ಹೆಸರು ಹಿಡಿದು ಕರೆದು, ನಾಳೆ ಇಷ್ಟು ಗಂಟೆಗೆ ನಿಮ್ಮ ಪಾಳಿ ಇರುತ್ತದೆ, ದಯವಿಟ್ಟು ಸಮಯಕ್ಕೆ ಬನ್ನಿ, ಎಂದು ಹೇಳುತ್ತಿತ್ತು. ಮನುಷ್ಯರ ದನಿಯಲ್ಲ, ಮಷೀನಿನದು. ನನ್ನ ಹೆಂಡತಿಯ ಹೆಸರನ್ನು ಅದು ಒಂದೊಂದಕ್ಷರ ಬಿಡಿಸಿ, ಕಲ್ಲು ಒಡೆದ ಹಾಗೆ ಮುರಿದು ಮುರಿದು ಹೇಳುತ್ತಿತ್ತು.

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕಲು ಹಟ ಹಿಡಿದಾಗ, ಪದ ಕಟ್ಟಿ ಒಂದು ಸಲ ಅವಳ ಹೆಸರು ಹೇಳಿ ಒಳಗೆ ಕಾಲಿಟ್ಟಿದ್ದೆ. ಆಮೇಲೆ ಇಲ್ಲ. "ಏ ಇವಳ", "ಏ ಕೇಳೇನು", ಇಷ್ಟರಲ್ಲೇ ಬದುಕು ಸಾಗಿತು. ಹೀಗಾಗಿ ಆ ಫೋನು ಬಂದಾಗಲೆಲ್ಲ ಅವಳಿಗೆ ನಗು.

"ಕೇಳಿದ್ರ್ಯಾ? ಯಾದಗಿರಿಯಿಂದ ಹೆಸರು ಹಿಡದು ಕರ್ಯಾಕತ್ತಾರ ನನಗ. ನೀವು ಒಂದೇ ಮನ್ಯಾಗ ಇದ್ದು ಕರೀವಲ್ರಿ."

"ಕರದ್ರ ಏನ್ ಕೊಡ್ತಿ?"

"ಚಾ ಮಾಡಿ ಕೊಡ್ತೀನಿ."

"ಕರೀದಿದ್ರೂ ಕೊಡ್ತೀಯಲ್ಲ."

"ಅದಕ್ಕ ನಿಮಗ ಕಿಮ್ಮತ್ತಿಲ್ಲ."

ಚಳಿಗಾಲದಲ್ಲಿ ಅವಳು ಹೋದಳು. ದವಾಖಾನೆಯಲ್ಲಲ್ಲ, ಮನೆಯಲ್ಲಿ, ನಾನೇ ಹಾಸಿದ ನೆಲದ ಮೇಲೆ.

ಮೂರನೆಯ ದಿನ ನಮ್ಮಲ್ಲಿ ಒಂದು ಪದ್ಧತಿ ಇದೆ. ಸತ್ತವರ ತಲೆಯಿದ್ದ ಜಾಗದಲ್ಲಿ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಮೇಲೆ ಬುಟ್ಟಿ ಬೋರಲು ಹಾಕುತ್ತಾರೆ. ಮರುದಿನ ಬುಟ್ಟಿ ಎತ್ತಿದರೆ ಬೂದಿಯ ಮೇಲೆ ಹೆಜ್ಜೆ ಮೂಡಿರುತ್ತದೆ, ಹೋದ ಜೀವ ಯಾವ ರೂಪದಲ್ಲಿ ಬಂದು ಹೋಯಿತೆಂದು ಅದರಿಂದ ತಿಳಿಯುತ್ತದೆ ಅಂತ ನಂಬಿಕೆ. ಬುಟ್ಟಿ ಎತ್ತಿದಾಗ ಎಲ್ಲರೂ ಬಗ್ಗಿ ನೋಡಿದರು. ನನ್ನ ತಂಗಿ, "ಗುಬ್ಬಿ ಕಾಲು ನೋಡ್ರಿ, ಗುಬ್ಬಿ ಆಗ್ಯಾಳ ವೈನಿ" ಎಂದು ಅತ್ತಳು. ಇನ್ನೊಬ್ಬಳು ಆಕಳ ಗೊರಸು ಅಂದಳು. ನನಗೇನೂ ಕಾಣಲಿಲ್ಲ. ಮೊಮ್ಮಗಳು ನನ್ನ ಪಕ್ಕ ಕೂತು, ಬೇರೆಯವರಿಗೆ ಕೇಳದ ಹಾಗೆ, "ಮುತ್ಯಾ, ಅದು ಬುಟ್ಟಿ ಅಂಚು ತಾಕಿದ ಗೆರಿ" ಎಂದಳು. ನಿಜ ಹೇಳುವ ಹುಡುಗಿ. ಅವತ್ತು ಮಾತ್ರ ಅವಳೂ ಗುಬ್ಬಿ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ವಾರವೇ ಒಂದು ಸಂಜೆ ಫೋನು ಬಂತು. ಅದೇ ದನಿ. ಹೆಸರು ಮುರಿದು ಮುರಿದು ಕರೆದು, ನಾಳೆ ನಿಮ್ಮ ಪಾಳಿ ಇರುತ್ತದೆ, ಸಮಯಕ್ಕೆ ಬನ್ನಿ ಎಂದಿತು. ಮಗ ಫೋನು ಕಸಿದುಕೊಂಡು ದವಾಖಾನೆಗೆ ಹಚ್ಚಿದ.

"ನಮ್ಮವ್ವ ತೀರಿಕೊಂಡಾಳ್ರಿ. ಆಕಿಗಿ ಫೋನ್ ಮಾಡಾಕತ್ತೀರಿ ನೀವು."

"ಕ್ಷಮಿಸ್ರಿ, ಈಗೇ ತೆಗೀತೀವ್ರಿ" ಅಂದರು.

ಮುಂದಿನ ಪಾಳಿಯ ಮುನ್ನಾದಿನ ಸಂಜೆ ಮತ್ತೆ ಬಂತು. ಮಗ ಮತ್ತೆ ಹೇಳಿದ. ಅವರು ಮತ್ತೆ ತೆಗೆದೆವು ಅಂದರು. ಮತ್ತೆ ಬಂತು. "ಸತ್ತವರನ್ನೂ ಬಿಡವಲ್ರು" ಎಂದು ಮಗ ಸಿಟ್ಟಾದ. ನಾನು, "ಇರ್ಲಿ ಬಿಡಪಾ, ನನಗೇನ್ ತ್ರಾಸಿಲ್ಲ" ಎಂದೆ. ಅಷ್ಟರಲ್ಲಿ ನನಗೆ ಅದು ಬೇಕಾಗಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಫೋನು ಬರುವ ಸಂಜೆಗಳಲ್ಲಿ ಸೊಸೆ ಟಿ.ವಿ. ಸಣ್ಣದು ಮಾಡಿ ಫೋನನ್ನು ಕಿಟಕಿಯಲ್ಲಿ ತಂದಿಡುತ್ತಿದ್ದಳು. ಬೂದಿಯ ಮೇಲೆ ಹೆಜ್ಜೆ ಇಡದವಳು ಇಲ್ಲಿ ಬರುತ್ತಾಳೆ ಎಂದೇನೂ ನಾನು ನಂಬಿರಲಿಲ್ಲ. ಆದರೆ ಭೂಮಿಯ ಮೇಲೆ ಅವಳ ಹೆಸರು ಹಿಡಿದು, ನಾಳೆ ಬಾ ಎಂದು ಕರೆಯುವವರು ಒಬ್ಬರಾದರೂ ಉಳಿದಿದ್ದರಲ್ಲ.

ಮಳೆಗಾಲದ ಹೊತ್ತಿಗೆ ಮೊಮ್ಮಗಳಿಗೆ ಅದೇ ದವಾಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಯಾದಗಿರಿಯಲ್ಲೇ ಡಿಪ್ಲೊಮಾ ಮಾಡಿದ್ದಳು. ಮೊದಲ ದಿನ ನಾನೂ ಅವಳ ಜೊತೆ ಬಸ್ಸು ಹತ್ತಿ, ದವಾಖಾನೆಯ ಬಾಗಿಲವರೆಗೆ ಬಿಟ್ಟು ಬಂದೆ. ಕಂಡಕ್ಟರನಿಗೆ, "ನಮ್ಮ ಹುಡುಗಿ, ಕಂಪ್ಯೂಟರ್ ನೌಕರಿ" ಎಂದೆ. ಅವಳು ಮುಖ ಕಿಟಕಿಗೆ ತಿರುಗಿಸಿ ಕೂತಳು.

ಒಂದು ಸಂಜೆ ಅವಳು ಬಾಡಿದ ಮುಖ ಹೊತ್ತು ಬಂದಳು. ರೊಟ್ಟಿ ಮುರಿದವಳು ಬಾಯಿಗೆ ಇಡಲಿಲ್ಲ.

"ಮುತ್ಯಾ, ಆಯಿ ಮಲಗತಿದ್ದ ಮಷೀನ್ ಈಗ ಕೆಂಭಾವಿ ಕಡೀ ಒಬ್ಬ ಅಕ್ಕಗ ಕೊಟ್ಟಾರ. ಈ ವಾರ ಮಷೀನ್ ಕೆಟ್ಟು ಪಾಳಿ ಬದಲಾತು, ಮುಂಜಾನಿದು ಒಂದಿನ ಮೊದಲೇ ಇಟ್ಟಿದ್ರು. ಆಕಿಗಿ ಫೋನ್ ಬರಲೇ ಇಲ್ಲ. ಮರುದಿನ ಬಂದಾಳ. ಅವತ್ತು ಜಾಗ ಇಲ್ಲ ಅಂತ ಹೊಳ್ಳಿ ಕಳಿಸ್ಯಾರ. ಇವತ್ತು ಉಸಿರು ಹತ್ತಿ, ಕಾಲು ಬಾತು, ಜೀಪಿನ್ಯಾಗ ಹಾಕ್ಕೊಂಡು ಬಂದ್ರು."

"ಬದುಕ್ಯಾಳೋ ಇಲ್ಲೋ?"

"ಐಸಿಯುದಾಗ ಇಟ್ಟಾರ." ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು. "ಹ್ವಾದ ಸಲ ನಿನಗ ಫೋನ್ ಬಂತಲ್ಲ, ಏನಂತು ಅದು?"

ನನಗೆ ಒಂದಕ್ಷರವೂ ಮರೆತಿರಲಿಲ್ಲ. ಈ ಸಲ ನಿಮ್ಮ ಪಾಳಿ ಒಂದು ದಿನ ಮುಂಚೆ, ನಾಳೆಯೇ ಇರುತ್ತದೆ, ಅಂದಿತ್ತು. ಅದನ್ನು ಕೇಳಿ ನಾನು, ಮಷೀನ್ ಮತ್ತೆ ಕೆಟ್ಟಿರಬೇಕು ಎಂದು ಹಳೆಯ ದಿನಗಳನ್ನು ನೆನೆದು, ಮೂಗು ಒರೆಸಿಕೊಂಡು ಚಹಾ ಕುಡಿದಿದ್ದೆ. ಕೆಂಭಾವಿಯ ಆ ಹೆಣ್ಣುಮಗಳ ಉಸಿರಿಗೆ ಬೇಕಿದ್ದ ಮಾತು ನನ್ನ ಕಿಟಕಿಗೆ ಬಂದು ಬಿದ್ದಿತ್ತು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು.

"ಆಯಿ ಹೆಸರಿನ ಮುಂದ ಮೂರು ಸಲ ಬರದಾರ, ತೀರಿಕೊಂಡಾರ ಅಂತ. ನಾ ನೋಡೀನಿ, ಎಲ್ಲಾ ಸ್ಕ್ರೀನಿನ್ಯಾಗ ಸರಿ ಅದ. ಆದ್ರ ಫೋನ್ ಮಾಡೋ ಪ್ರೋಗ್ರಾಮು ಅಲ್ಲಿ ನೋಡಾಕತ್ತಿಲ್ಲ. ಬ್ಯಾರೇ ಯಾವುದೋ ಟೇಬಲ್ ಓದಾಕತ್ತದ. ಯಾವುದಂತ ಯಾರಿಗೂ ಗೊತ್ತಿಲ್ಲ. ಅದನ್ನ ಮಾಡಿದವ್ರು ನೌಕರಿ ಬಿಟ್ಟು ಹೋಗ್ಯಾರ."

"ಟೇಬಲ್ ಅಂದ್ರ?"

ನನ್ನ ಕಾಲ ಕೆಳಗಿನ ನೆಲ ತೋರಿಸಿದಳು. "ನೀ ಹಾಸಿದ ಪರಸಿ ನೋಡು. ಅಡ್ಡ ಸಾಲು, ಉದ್ದ ಸಾಲು, ಚೌಕ ಚೌಕ. ಒಂದೊಂದು ಚೌಕದಾಗ ಒಂದೊಂದು ಸಂಗತಿ. ಹೆಸರು, ಊರು, ಫೋನ್ ನಂಬರು. ಅಂಥಾ ನೆಲ ಒಂದು ಟೇಬಲ್. ದವಾಖಾನಿ ಕಂಪ್ಯೂಟರಿನ್ಯಾಗ ಅಂಥಾ ಖೋಲಿ ಭಾಳ ಅದಾವ. ಆ ಪ್ರೋಗ್ರಾಮು ಯಾವ ಯಾವ ಖೋಲಿಗಿ ಹೋಗಿ ಬರತದ ಅಂತ ಹುಡುಕಬೇಕು."

"ಹೆಂಗ ಹುಡುಕ್ತಿ?"

ಅವಳು ಹೇಳಲು ಹಿಂದೆ ಮುಂದೆ ನೋಡಿದಳು. "ಆಯಿದು ಮೂರು ದಿನದಾಗ ಬೂದಿ ಹರವಿದ್ವಲ್ಲ ಮುತ್ಯಾ. ಹಂಗ. ಎಲ್ಲಾ ಖೋಲಿಗೂ ಬೂದಿ ಹರವೂದು, ಅದಕ್ಕ ನಡಿ ಅನ್ನೂದು, ಎಲ್ಲಿ ಹೆಜ್ಜಿ ಮೂಡ್ಯಾವ ನೋಡೂದು. ಟ್ರೇಸ್ ಹಚ್ಚೂದು ಅಂತಾರ ಇದಕ್ಕ."

ಆಮೇಲೆ ನಿಜವಾದ ಮಾತಿಗೆ ಬಂದಳು. ಬದುಕಿರುವವರ ಹೆಸರು ಹಿಡಿದು ಹುಡುಕಿದರೆ ಗೊತ್ತಾಗುವುದಿಲ್ಲವಂತೆ. ಅವರ ಹೆಸರು ಎಲ್ಲ ಖೋಲಿಯಲ್ಲೂ ಒಂದೇ ತರಹ ಇರುತ್ತದೆ. ಆಯಿ ಹಾಗಲ್ಲ. ಎಲ್ಲ ಕಡೆ ಸತ್ತಿದ್ದಾಳೆ, ಒಂದು ಕಡೆ ಮಾತ್ರ ಇನ್ನೂ ಇದ್ದಾಳೆ. ಆ ಒಂದು ಕಡೆಯೇ ತಪ್ಪಿರುವ ಜಾಗ.

"ಅದಕ್ಕ ನೀ ಫೋನ್ ತಗೊಂಡು ಬರಬೇಕು. ಆಯಿ ಹೆಸರಿಗಿ ಫೋನ್ ಹಚ್ಚಿ ನೋಡ್ತೀನಿ." ತಲೆ ತಗ್ಗಿಸಿದಳು. "ಸಿಕ್ಕ ಮ್ಯಾಲ ಫೋನ್ ಬಂದ್ ಆಗ್ತದ ಮುತ್ಯಾ. ಮತ್ತ ಬರಂಗಿಲ್ಲ."

ಸೊಸೆ ಒಲೆಯ ಮುಂದೆ ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ಏನು ಹೇಳುವುದು? ಬೇಡವ್ವಾ, ಇದೊಂದು ಇರಲಿ, ಬೇರೆ ಹಾದಿ ಹುಡುಕು, ಅನ್ನುವ ಮಾತು ನಾಲಗೆಯವರೆಗೆ ಬಂತು. ಐಸಿಯುವಿನಲ್ಲಿ ಉಸಿರು ಎಳೆಯುತ್ತಿದ್ದವಳ ಕಾಲು ಕಣ್ಣ ಮುಂದೆ ಬಂತು. ನನ್ನ ಹೆಂಡತಿಯ ಕಾಲೂ ಹಾಗೇ ಬಾತುಕೊಳ್ಳುತ್ತಿದ್ದವು. ಬೆರಳು ಒತ್ತಿದರೆ ಗುಂಡಿ ಬಿದ್ದು ಬಹಳ ಹೊತ್ತಿನ ತನಕ ಏಳುತ್ತಿರಲಿಲ್ಲ.

"ನಾಳಿ ಯಾವ ಬಸ್ಸಿಗಿ ಹೋಗೂದು?" ಎಂದು ಕೇಳಿದೆ.

ಭೀಮೆ ದಾಟುವಾಗ ಮೊಮ್ಮಗಳು ಕಿಟಕಿಯಿಂದ ಕೈ ಮುಗಿದಳು. ಯಾರು ಕಲಿಸಿದರೋ, ನಾನು ಕೇಳಲಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ನನಗೊಂದು ಸ್ಟೂಲು ಹಾಕಿದರು. ಅವಳ ಸಾಹೇಬರು ಒಳ್ಳೆಯ ಮನುಷ್ಯ, ಮಾತಿಗೊಂದು ನಗು. "ಬರ್ರಿ ಮುತ್ಯಾರ. ನಿಮ್ಮ ಮೊಮ್ಮಗಳು ನಮ್ಮ ದವಾಖಾನಿ ತುಂಬ ಬೂದಿ ಹರವತೀನಿ ಅನ್ನಾಕತ್ತಾಳ. ಕಸ ನೀವು ಹೊಡೀತೀರೇನು?"

"ಆಕೀನ ಹೊಡೀತಾಳ್ರಿ. ಮನ್ಯಾಗ ಹೊಡ್ಯಂಗಿಲ್ಲ, ಇಲ್ಲ್ಯಾರ ಹೊಡೀಲಿ" ಎಂದೆ. ಎಲ್ಲರೂ ನಕ್ಕರು, ಹುಡುಗಿ ಮಾತ್ರ ಗುರ್ ಎಂದು ನನ್ನ ನೋಡಿದಳು.

ಅವಳು ಟ್ರೇಸ್ ಹಚ್ಚಿದಳು. ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಅಕ್ಷರಗಳು ಹರಿದವು, ನಿಲ್ಲಲೇ ಒಲ್ಲವು. ಔಷಧಿ ಕೊಡುವವರು, ರಕ್ತ ಪರೀಕ್ಷೆಯವರು, ಚೀಟಿ ಬರೆಯುವವರು, ಎಲ್ಲರ ಹೆಜ್ಜೆಯೂ ಒಂದರ ಮೇಲೊಂದು ಬಿದ್ದು ಯಾವುದು ಯಾರದೆಂದು ತಿಳಿಯದಾಯಿತು. ಅವಳು ಹಣೆ ಬಡಿದುಕೊಂಡಳು. "ಬುಟ್ಟಿ ಮುಚ್ಚೂದು ಮರತೆ ನೋಡು ಮುತ್ಯಾ."

ಬೂದಿಯ ಮೇಲೆ ಬುಟ್ಟಿ ಹಾಕುವುದು ಕೋಳಿ, ಬೆಕ್ಕು, ಮನೆಯ ಮಕ್ಕಳು ತುಳಿಯದಿರಲೆಂದು. ಇಲ್ಲಿಯೂ ಹಾಗೇ. ಸಾಹೇಬರು ಊಟದ ಹೊತ್ತಿಗೆ ಎಲ್ಲ ವಿಭಾಗಕ್ಕೂ ಹೇಳಿ, ಸ್ವಲ್ಪ ಹೊತ್ತು ಯಾರೂ ಕಂಪ್ಯೂಟರ್ ಮುಟ್ಟಬೇಡಿ ಎಂದರು. ಪರದೆ ಸುಮ್ಮನಾಯಿತು. ಬರೀ ಬೂದಿ.

"ಫೋನ್ ಎತ್ತು, ನಡುವ ಕಟ್ ಮಾಡಬ್ಯಾಡ. ಪೂರಾ ಕೇಳು" ಎಂದು ಹೇಳಿ ಅವಳು ಗುಂಡಿ ಒತ್ತಿದಳು.

ನನ್ನ ಕೈಯಲ್ಲಿ ಫೋನು ಬಾರಿಸಿತು. ಎತ್ತಿದೆ. ಹೊರಗೆ ಕಾರಿಡಾರಿನಲ್ಲಿ ಯಾರದೋ ಮಗು ಅಳುತ್ತಿತ್ತು. ಆ ದನಿ ಹೆಸರು ಹೇಳಿತು. ಅಕ್ಷರ ಬಿಡಿಸಿ, ಕಲ್ಲು ಒಡೆದ ಹಾಗೆ. ಪಾಳಿ ಇರುತ್ತದೆ, ಬನ್ನಿ ಎಂದಿತು. ಪರದೆಯ ಮೇಲೆ ಬೆರಳೆಣಿಕೆಯ ಸಾಲುಗಳು ಮಾತ್ರ ಮೂಡಿದ್ದವು. ಮೊಮ್ಮಗಳು ಬೆರಳು ಹಿಡಿದು ಒಂದೊಂದೇ ಓದಿದಳು. ಇದು ಗಂಟೆ ನೋಡಿದ್ದು, ಇದು ಮಷೀನಿನ ನಂಬರು ನೋಡಿದ್ದು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಅದ. ಸರ್, ಇಲ್ಲಿ ಅದ ನೋಡ್ರಿ!"

ಖಾತ್ರಿಗೆ ಇನ್ನೊಮ್ಮೆ ಹಚ್ಚಿದಳು. ನನ್ನ ಫೋನು ಮತ್ತೆ ಬಾರಿಸಿತು, ಅದೇ ಜಾಗದಲ್ಲಿ ಅದೇ ಹೆಜ್ಜೆ ಮೂಡಿತು. ಸಾಹೇಬರು ಅವಳ ಬೆನ್ನು ತಟ್ಟಿ, "ಶಾಭಾಷ್" ಎಂದರು. ನನಗೆ ಎದ್ದು ಕುಣಿಯಬೇಕೆನ್ನಿಸಿತು, ಮೊಣಕಾಲು ಬಿಡಲಿಲ್ಲ. ಕುಣಿಯಬೇಕೆಂದವನ ಬಾಯಿಂದ ಬಂದ ಮಾತು ಬೇರೆ.

"ಯವ್ವಾ, ಇನ್ನೊಂದು ಸಲ ಮಾಡ್ತೀಯೇನು?"

ಅವಳಿಗೆ ಇನ್ನೊಂದು ಸಲ ಬೇಕಿರಲಿಲ್ಲ, ತಪ್ಪು ಸಿಕ್ಕಾಗಿತ್ತು. ನನ್ನ ಮುಖ ನೋಡಿದಳು. ಏನೂ ಕೇಳದೆ ಗುಂಡಿ ಒತ್ತಿದಳು. ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಪೂರ್ತಿ ಕೇಳಿದೆ.

ಆ ಟೇಬಲ್ಲನ್ನು ಅವಳು ಪರದೆಯ ಮೇಲೆ ತೆರೆದು ತೋರಿಸಿದಳು. ಫೋನಿನ ಪ್ರೋಗ್ರಾಮು ಕಟ್ಟಿದ ಮನುಷ್ಯ, ಯಾವ ಮಷೀನಿಗೆ ಯಾರು ಎಂದು ಹೊಸ ರೋಗಿಗಳ ಹೆಸರನ್ನು ದೊಡ್ಡ ಟೇಬಲ್ಲಿನಿಂದ ಇದರೊಳಕ್ಕೆ ತನ್ನ ಕೈಯಾರೆ ತಂದು ಹಾಕುತ್ತಿದ್ದನಂತೆ. ಅವನು ಕೆಲಸ ಬಿಟ್ಟ ಮೇಲೆ ಆ ಕೆಲಸವೊಂದಿದೆ ಎಂಬುದೇ ಯಾರಿಗೂ ತಿಳಿಯಲಿಲ್ಲ. ಅವನು ಹೋದ ದಿನ ಹೇಗಿತ್ತೋ ಹಾಗೇ ನಿಂತಿತ್ತು ಅದು. ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ. ಚೌಕದೊಳಗೆ ನನ್ನ ಹೆಂಡತಿಯ ಹೆಸರು ಓದಿದೆ. ಅದರ ಕೆಳಗಿನ ಚೌಕದಲ್ಲಿ ವಡಗೇರಾದ ಬಳೆಗಾರ, ಮರಳುವ ಬಸ್ಸಿನಲ್ಲಿ ನಮಗೆ ಜಾಗ ಹಿಡಿದಿಡುತ್ತಿದ್ದವನು. ಅವಳಿಗಿಂತ ಸ್ವಲ್ಪ ಮೊದಲೇ ತೀರಿಕೊಂಡಿದ್ದ. ಹಾಗಾದರೆ ವಡಗೇರಾದಲ್ಲಿಯೂ ಒಂದು ಮನೆಯಲ್ಲಿ ಸಂಜೆ ಫೋನು ಬರುತ್ತಿತ್ತು. ಅಲ್ಲಿಯೂ ಯಾರೋ ಟಿ.ವಿ. ಸಣ್ಣದು ಮಾಡುತ್ತಿದ್ದರೇನೋ. ಅಥವಾ ಬೈದು ಕಟ್ ಮಾಡುತ್ತಿದ್ದರೇನೋ.

"ಅಳಿಸಿ ಬಿಡ್ತೀ ಏನು ಇದನ್ನ?" ಎಂದು ಕೇಳಿದೆ.

"ಈಗ ಇಲ್ಲ ಮುತ್ಯಾ. ಫೋನಿಗಿ ದೊಡ್ಡ ಟೇಬಲ್ ನೋಡು ಅಂತ ಹೇಳೀನಿ. ಆದ್ರ ಈ ಹಳೇದನ್ನ ಇನ್ಯಾವುದಾರ ಪ್ರೋಗ್ರಾಮು ನೋಡತದೇನು ಗೊತ್ತಿಲ್ಲ. ಇನ್ನೊಂದಿಷ್ಟು ದಿನ ಬೂದಿ ಹರವಿ, ಯಾರೂ ಬರಂಗಿಲ್ಲ ಅಂತ ಖಾತ್ರಿ ಆದ ಮ್ಯಾಲ ತೆಗೀಬೇಕು."

ಇಷ್ಟು ಸಮಾಧಾನ ಈ ಹುಡುಗಿಗೆ ಎಲ್ಲಿಂದ ಬಂತು ಅಂತೀರಿ? ಅವಳ ಆಯಿಯಿಂದ. ಅಕ್ಕಿಯಲ್ಲಿ ಕಲ್ಲು ಆರಿಸಿದ ಮೇಲೂ ಮೊರವನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡುತ್ತಿದ್ದವಳು ಅವಳು.

ಕೆಂಭಾವಿಯ ಹೆಣ್ಣುಮಗಳನ್ನು ಅಷ್ಟರಲ್ಲಿ ಐಸಿಯುವಿನಿಂದ ಹೊರಗೆ ತಂದಿದ್ದರು. ಪಕ್ಕದ ಕೋಣೆಯಲ್ಲಿ, ನನ್ನ ಹೆಂಡತಿ ಮಲಗುತ್ತಿದ್ದ ಮಷೀನಿನ ಪಕ್ಕ ಮಲಗಿದ್ದಳು. ಹೊಸದಾಗಿ ಸರಿಮಾಡಿದ್ದು ಸರಿಯಾಯಿತೋ ಇಲ್ಲವೋ ನೋಡಲು ಮೊಮ್ಮಗಳು ಅವಳ ಹೆಸರಿಗೆ ಕರೆ ಹಚ್ಚಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಗಂಡನ ಕಿಸೆಯಲ್ಲಿ ಫೋನು ಬಾರಿಸಿತು. ಅವನು ಕಿವಿಗೆ ಹಿಡಿದು, ಗಾಬರಿಯಿಂದ ಅವಳ ಕಿವಿಗೆ ಹಿಡಿದ.

"ಬಂತೇನವ್ವಾ?" ಎಂದೆ.

"ಬಂತ್ರಿ ಕಾಕಾ! ಅಯ್ಯ, ನನ್ನ ಹೆಸರು ಎಷ್ಟು ಕೆಡಿಸಿ ಹೇಳ್ತದ್ರಿ ಇದು!" ದಣಿದ ಮುಖದಲ್ಲೇ ನಕ್ಕಳು. "ಇರ್ಲಿ ಬಿಡ್ರಿ. ಇದಾರ ಹೆಸರು ಹಿಡದು ಕರೀತದ. ಇವ್ರಂತೂ ಎಂದೂ ಕರದಿಲ್ಲ."

ಗಂಡ ತಲೆ ತಗ್ಗಿಸಿ ನೆಲ ನೋಡಿದ. ನಾನೂ ನೆಲ ನೋಡಿದೆ. ನಯವಾದ ಕಲ್ಲು, ಆದರೆ ಸಂದು ಸರಿಯಾಗಿ ಕೂಡಿಸಿರಲಿಲ್ಲ. ಅವನ ಹೆಗಲ ಮೇಲೆ ಕೈ ಇಟ್ಟು ಹೊರಗೆ ಬಂದೆ.

ಮುಂದಿನ ಪಾಳಿಯ ಮುನ್ನಾದಿನ ಸಂಜೆ ಸೊಸೆ ರೂಢಿಯಂತೆ ಟಿ.ವಿ. ಸಣ್ಣದು ಮಾಡಿ ಫೋನನ್ನು ಕಿಟಕಿಯಲ್ಲಿ ಇಟ್ಟಳು. ಇಟ್ಟ ಮೇಲೆ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡು ಒಳಗೆ ಹೋದಳು. ನಾನು ಕೂತೇ ಇದ್ದೆ. ಹೊತ್ತು ಇಳಿಯಿತು. ಆಗ ಬಾರಿಸಿತು ನೋಡಿ, ಥಟ್ಟನೆ ಎತ್ತಿದೆ. ಮೊಮ್ಮಗಳು.

"ಮುತ್ಯಾ, ಎಲ್ಲರಿಗೂ ಹೋತು! ಕೆಂಭಾವಿ ಅಕ್ಕಗೂ ಹೋತು. ಒಂದೂ ತಪ್ಪಿಲ್ಲ. ನಿನಗ ಬಂತೇನು?"

"ಇಲ್ಲವ್ವಾ, ಬಂದಿಲ್ಲ."

"ಬಂದಿಲ್ಲ?" ಅವಳ ದನಿ ಹಿಗ್ಗಿತು, ಕೂಡಲೇ ತಗ್ಗಿತು. "ಮುತ್ಯಾ..."

"ಭಾಳ ಛಲೋ ಮಾಡೀದಿ ನನ್ನ ತಾಯಿ. ಜಲ್ದಿ ಬಾ, ಬಸ್ಸು ತಪ್ಪೀತು" ಎಂದು ಇಟ್ಟುಬಿಟ್ಟೆ.

ಹಿಗ್ಗು ಎದೆಯ ತುಂಬ ಇತ್ತು, ದೇವರಾಣೆ ಇತ್ತು. ಓಣಿಯ ಬಾಗಿಲು ಬಾಗಿಲಿಗೆ ಹೋಗಿ ಕೂಗಬೇಕೆನ್ನಿಸುವಷ್ಟು. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಕೇಳಿಸಬೇಕಾಗಿದ್ದ ಒಂದು ಹೆಸರು ಕೇಳಿಸದೆ, ಕಿವಿ ಅದನ್ನೇ ಹುಡುಕುತ್ತಿತ್ತು. ಇನ್ನು ಕರೆಯುವವರು ಯಾರೂ ಇಲ್ಲ. ಅಂದಮೇಲೆ ನಾನೇ ಕರೆಯಬೇಕು. ಬಾಯಿ ತೆರೆದೆ. ಒಡಪಿನ ಪದವೊಂದೂ ನೆನಪಿಗೆ ಬರಲಿಲ್ಲ. ಹೆಸರು ಮಾತ್ರ ಬಂತು, ಅದೂ ಒಂದೊಂದಕ್ಷರವಾಗಿ, ಆ ಮಷೀನು ಹೇಳುತ್ತಿದ್ದ ಹಾಗೆಯೇ ಮುರಿದು ಮುರಿದು.

"ಯಾರಿಗಿ ಕರದ್ರಿ ಮಾವಾ?" ಒಳಗಿನಿಂದ ಸೊಸೆ ಕೇಳಿದಳು.

"ಯಾರಿಗಿಲ್ಲವ್ವಾ. ಒಂದೀಟು ಚಾ ಇಡು."

ಹಾಗೆ ಕೇಳಿದ್ದೇ ತಪ್ಪಾಯಿತೋ ಏನೋ. ಹೆಸರು ಹಿಡಿದು ಕರೆದರೆ ಚಾ ಮಾಡಿ ಕೊಡುತ್ತೇನೆ ಅಂದವಳು ಅವಳು. ಕಪ್ಪು ತಂದು ಮುಂದಿಟ್ಟ ಮೇಲೆ ಅದನ್ನು ಕೈಯಲ್ಲಿ ಹಿಡಿದು ಕೂತೆ. ಮೊಮ್ಮಗಳು ಬಸ್ಸಿಳಿದು ಮನೆಗೆ ಬಂದು, ಚಪ್ಪಲಿ ಬಿಟ್ಟು, "ಇದೇನ್ ಮುತ್ಯಾ, ಪೂರಾ ಆರಿ ಹೋಗ್ಯಾದಲ್ಲ" ಎಂದು ಕಪ್ಪು ತೆಗೆದುಕೊಂಡು ಹೋಗುವವರೆಗೂ ಕುಡಿಯಲಾಗಲಿಲ್ಲ.